ಗೀಸರ್ ನೀರು ನಾರುತ್ತಿದೆಯೇ?

ಪುಣೆಯ ಕೊಂಢವಾದ ಎಷ್ಟೋ ಸೊಸೈಟಿಗಳಿಗೆ ಟ್ಯಾಂಕರ್, ಬೋರ್‌ವೆಲ್ ನೀರೇ ಗತಿ. ರಜೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಗೀಸರ್ ನೀರು ಕೊಳೆತ ಮೊಟ್ಟೆಯಂತೆ ನಾರಬಹುದು. ಮೊದಲು ತಣ್ಣೀರನ್ನು ಮೂಸಿ ನೋಡಿ. ಅದೂ ನಾರಿದರೆ ತಪ್ಪು ಗೀಸರಿನದಲ್ಲ, ಮೇಲಿನ ಟ್ಯಾಂಕ್ ತೊಳೆಸಬೇಕು. ಬಿಸಿನೀರು ಮಾತ್ರ ನಾರಿದರೆ, ನಿಂತ ನೀರಿನ ಬ್ಯಾಕ್ಟೀರಿಯಾಗಳು ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತಿವೆ. ಒಳಗಿನ ಮೆಗ್ನೀಸಿಯಂ ಆನೋಡ್ ಕಡ್ಡಿ ಅವಕ್ಕೆ ಇಂಬು. ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲಕ್ಕೇರಿಸಿ, ಒಂದೆರಡು ತಾಸು ಕಾಯಲು ಬಿಡಿ. ಆಮೇಲೆ ಸ್ವಿಚ್ ಆರಿಸಿ, ಆ ನೀರನ್ನೆಲ್ಲ ನಲ್ಲಿಗಳಿಂದ ಹರಿಯಬಿಡಿ. ಮಕ್ಕಳು ಬಚ್ಚಲ ಹತ್ತಿರ ಸುಳಿಯದಿರಲಿ, ಮೈ ಸುಟ್ಟೀತು. ವಾಸನೆ ಮರಳಿದರೆ ಮೆಕ್ಯಾನಿಕ್ ಕರೆಸಿ, ತಳದ ಸುಣ್ಣದ ಗಸಿ ತೆಗೆಸಿ, ಅಲ್ಯೂಮಿನಿಯಂ-ಸತು ಆನೋಡ್ ಹಾಕಿಸಿ. ಕಡ್ಡಿಯೇ ಬೇಡ ಎನ್ನುವವರ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಅದಿಲ್ಲದಿದ್ದರೆ ಗೀಸರಿನ ಟ್ಯಾಂಕ್ ಬೇಗ ತುಕ್ಕು ಹಿಡಿದು ಸೋರುತ್ತದೆ.