ನ್ಯಾಯಮೂರ್ತಿ ಸರ್ ನಾರಾಯಣ ಚಂದಾವರಕರ: ಮನೆತನ ಮತ್ತು ಜೀವನ

ಕೋಟುಮಚಗಿಯ ರೈತನು ಹೊಲದ ಬದುವಿಗಾಗಿ ಹೂಡಿದ ದಾವೆಯು ಧಾರವಾಡ ಜಿಲ್ಲೆಯ ಕೋರ್ಟುಗಳನ್ನು ದಾಟಿ ಮುಂದೆ ಹೋಗುವುದಾದರೆ, 1956ರ ಏಕೀಕರಣದವರೆಗೂ ಅದು ಮುಂಬಯಿ ಹೈಕೋರ್ಟಿನ ಮೆಟ್ಟಿಲನ್ನೇ ಏರಬೇಕಾಗಿತ್ತು. ಆ ಪೀಠದಲ್ಲಿ 1901ರಿಂದ 1913ರ ವರೆಗೆ ಕನ್ನಡ ನೆಲದಲ್ಲಿ ಹುಟ್ಟಿದ ಮಹನೀಯರೊಬ್ಬರು ಕುಳಿತಿದ್ದರು.

ನಾರಾಯಣ ಗಣೇಶ ಚಂದಾವರಕರರು 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಜನಿಸಿದರು. ಸಾರಸ್ವತ ಮನೆತನ, ಮನೆಮಾತು ಕೊಂಕಣಿ, ಅಡ್ಡಹೆಸರು ಕುಮಟಾ ಸೀಮೆಯ ಚಂದಾವರದ್ದು. ಆಗ ಆ ಪ್ರಾಂತವು ಮದರಾಸಿಗೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ವರ್ಗಾಯಿಸಲಾಗಿ, ಕರಾವಳಿಯ ಹುಡುಗರ ವಿದ್ಯೆಯ ದಾರಿಯೂ ಅತ್ತಲೇ ತಿರುಗಿತು.

ಆ ದಾರಿಯಲ್ಲಿ ಮುಂದೆ ನಡೆದವರು ಅವರ ಸೋದರಮಾವ, ವಕೀಲ ಶಾಮರಾವ್ ವಿಠ್ಠಲ ಕಾಯ್ಕಿಣಿಯವರು. ಸಾರಸ್ವತ ಸಮಾಜದ ಸುಧಾರಕರಲ್ಲಿ ಅಗ್ರಗಣ್ಯರು. ಅವರ ಸ್ಮರಣಾರ್ಥ ಶಿಷ್ಯ ತಲ್ಮಕಿಯವರು 1906ರಲ್ಲಿ ಮುಂಬಯಿಯಲ್ಲಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ಸಹಕಾರ ಸಂಘ ಹುಟ್ಟಿತ್ತೆಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು.

ನಾರಾಯಣರಾಯರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತು, 1881ರಲ್ಲಿ ಕಾನೂನು ಪದವಿ ಪಡೆದರು. ‘ಇಂದು ಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನು ಹಲವು ವರ್ಷ ಸಂಪಾದಿಸಿದರು. 1885ರಲ್ಲಿ ಹಿಂದುಸ್ಥಾನದ ಅಹವಾಲನ್ನು ಬ್ರಿಟಿಷ್ ಮತದಾರರ ಮುಂದಿಡಲು ಇಂಗ್ಲೆಂಡಿಗೆ ಹೋದ ಮೂವರು ಪ್ರತಿನಿಧಿಗಳಲ್ಲಿ ಅವರೊಬ್ಬರು. ಸಮುದ್ರಯಾನವೇ ಜಾತಿಯಿಂದ ಹೊರಗಿಡಲು ಸಾಕಾದ ಕಾರಣವಾಗಿದ್ದ ಕಾಲವದು. 1900ರಲ್ಲಿ ಲಾಹೋರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ಲಭಿಸಿತು. ಮರುವರ್ಷವೇ ನ್ಯಾಯಪೀಠ, ರಾಜಕಾರಣಕ್ಕೆ ವಿರಾಮ.

ಈ ಪದವಿಗೆ ತೆತ್ತ ಬೆಲೆಯನ್ನು ಮರೆಮಾಚಲಾಗದು. 1910ರಲ್ಲಿ ಅವರಿಗೆ ‘ಸರ್’ ಬಿರುದು ಬಂದಿತು. ಅದೇ ವರ್ಷ ನಾಸಿಕ ಒಳಸಂಚಿನ ಮೊಕದ್ದಮೆಯ ವಿಶೇಷ ಪೀಠದ ಮೂವರು ನ್ಯಾಯಾಧೀಶರಲ್ಲಿ ಅವರೂ ಒಬ್ಬರಾಗಿದ್ದರು. ವಿನಾಯಕ ದಾಮೋದರ ಸಾವರಕರರಿಗೆ ಆಜೀವ ಕರಿನೀರಿನ ಶಿಕ್ಷೆ ವಿಧಿಸಿದ ಪೀಠವದು. ಹತ್ತು ವರ್ಷಗಳ ಹಿಂದೆ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿದ್ದವರು ಈಗ ಪರಸರ್ಕಾರದ ನ್ಯಾಯಪೀಠದಲ್ಲಿದ್ದರು. ಸೌಮ್ಯವಾದಿಯಾದ ಅವರಿಗೆ ಕಾಯಿದೆಯ ಮಾರ್ಗವೇ ದೇಶದ ಮಾರ್ಗವಾಗಿತ್ತು. ಇದನ್ನು ದೌರ್ಬಲ್ಯವೆಂದು ಬಗೆಯುವವರುಂಟು. ಆದರೆ ಅಂಜಿಕೆಯ ಮನುಷ್ಯನು ಜಾತಿಯ ಕಟ್ಟನ್ನು ಎದುರಿಸಲಾರನು.

ರಾನಡೆಯವರ ನಿಧನಾನಂತರ ಪ್ರಾರ್ಥನಾ ಸಮಾಜದ ಅಧ್ಯಕ್ಷತೆಯನ್ನು ಅವರೇ ವಹಿಸಿದರು. ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರ ಮಕ್ಕಳ ವಿದ್ಯಾಭ್ಯಾಸಕ್ಕಾಗಿ 1906ರಲ್ಲಿ ಮುಂಬಯಿಯಲ್ಲಿ ಸಂಸ್ಥೆ ಕಟ್ಟಿದಾಗ, ಹೈಕೋರ್ಟಿನ ಈ ನ್ಯಾಯಾಧೀಶರೇ ಅದರ ಅಧ್ಯಕ್ಷರಾದರು. ಊರ ಶಾಲೆಗಳಲ್ಲಿ ಆ ಮಕ್ಕಳು ಜಗಲಿಯಾಚೆ ಕುಳಿತು ಪಾಠ ಕೇಳುತ್ತಿದ್ದ ದಿನಗಳಲ್ಲಿ ಇಂಥ ಹೆಸರಿನ ಆಸರೆಗೆ ಎಷ್ಟು ತೂಕವಿತ್ತೆಂಬುದನ್ನು ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತಿಯ ಬಳಿಕ ಅವರು 1921ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಅಧ್ಯಕ್ಷರಾದರು. 1923ರ ಮೇ 14ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಪುತ್ರ ವಿಠ್ಠಲ ಚಂದಾವರಕರರು 1933ರಿಂದ 1939ರ ವರೆಗೆ ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. ಗದಗ ಸೀಮೆಯಿಂದ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದ ಹುಡುಗರು ಆಗ ಪರೀಕ್ಷೆ ಬರೆದುದು ಆ ವಿಶ್ವವಿದ್ಯಾಲಯಕ್ಕೇ.