ಚಿಕ್ಕಿಗಳ ವಯಸ್ಸು ಓದುವ ಅನ್ನಪೂರ್ಣಿ



ತಿಕೋಟಾ, ಬಬಲೇಶ್ವರದ ಕಡೆ ಹೊಲದ ಮನೆಯಲ್ಲಿ ಇರುವವರಿಗೆ ಇದು ಗೊತ್ತು. ಬೇಸಿಗೆಯಲ್ಲಿ ನಾವು ಮಾಳಿಗೆ ಮೇಲೆ ಮಲಗುತ್ತೇವೆ. ಅಮಾವಾಸ್ಯೆ ಹತ್ತಿರ ಇದ್ದಾಗ ಬೆಳಗಿನ ಜಾವ ಎದ್ದರೆ ಆಕಾಶದಲ್ಲಿ ಒಂದು ಬಿಳಿ ಪಟ್ಟಿ ಕಾಣುತ್ತದೆ. ಹಾಲು ಚೆಲ್ಲಿದಂಗ ಇರುತ್ತದೆ. ವಿಜಯಪುರ ಪ್ಯಾಟ್ಯಾಗ ದೀಪದ ಬೆಳಕು ಹೆಚ್ಚು. ಅಲ್ಲಿ ಅದು ಕಾಣೋದು ಕಷ್ಟ.

ಆ ಪಟ್ಟಿಗೆ ಆಕಾಶಗಂಗೆ ಎಂದು ಹೆಸರು. ಅದು ಹಾಲಲ್ಲ, ಮೋಡವೂ ಅಲ್ಲ. ಅವೆಲ್ಲ ಚಿಕ್ಕಿಗಳು. ಹತ್ತು ಸಾವಿರ ಕೋಟಿಗಿಂತ ಹೆಚ್ಚು ಚಿಕ್ಕಿಗಳು ಅಲ್ಲಿವೆ. ನಮ್ಮ ಸೂರ್ಯನೂ ಅವುಗಳಲ್ಲಿ ಒಂದು. ಚಿಕ್ಕಿಗಳ ಇಂಥ ದೊಡ್ಡ ಊರಿಗೆ ಗ್ಯಾಲಕ್ಸಿ ಎನ್ನುತ್ತಾರೆ. ಇಂಥ ಗ್ಯಾಲಕ್ಸಿಗಳು ಕೋಟಿ ಕೋಟಿ ಇವೆ.

ಗ್ಯಾಲಕ್ಸಿ ಹೇಗೆ ಬೆಳೆಯಿತು?

ಮೊದಲು ಅನಿಲ ಇತ್ತು. ಅದು ಒಂದನ್ನೊಂದು ಎಳೆದುಕೊಂಡು ಗುಂಪಾಯಿತು. ಅದರೊಳಗೆ ಚಿಕ್ಕಿಗಳು ಹುಟ್ಟಿದವು. ಸಣ್ಣ ಹಳ್ಳಗಳು ಬಂದು ನಮ್ಮ ಡೋಣಿ ಹೊಳೆ ಸೇರುತ್ತವೆ. ಹಾಗೆಯೇ ಸಣ್ಣ ಗ್ಯಾಲಕ್ಸಿಗಳು ಕೂಡಿ ದೊಡ್ಡ ಗ್ಯಾಲಕ್ಸಿ ಆದವು.

ಇದಕ್ಕೆ ನೂರಾರು ಕೋಟಿ ವರ್ಷ ಹಿಡಿಯಿತು. ಮನುಷ್ಯ ಬದುಕೋದು ಎಪ್ಪತ್ತು ಎಂಬತ್ತು ವರ್ಷ. ಹಂಗಾದ್ರ ಇದನ್ನ ಯಾರು ಕಂಡರು?

ನಾವು ಸಂತೆಗೆ ಹೋಗುತ್ತೇವೆ. ಅಲ್ಲಿ ಕೈಕೂಸು ಇರುತ್ತದೆ. ಶಾಲೆಯ ಹುಡುಗಿ, ಮದುವೆಯಾದ ಹೆಂಗಸು, ಕೋಲು ಹಿಡಿದ ಅಜ್ಜಿ, ಎಲ್ಲರೂ ಇರುತ್ತಾರೆ. ಒಂದೇ ದಿನದಲ್ಲಿ ಮನುಷ್ಯರ ಇಡೀ ಆಯುಷ್ಯ ಕಣ್ಣಿಗೆ ಬೀಳುತ್ತದೆ. ಆಕಾಶದಲ್ಲೂ ಎಳೆಯ ಚಿಕ್ಕಿ, ಹಳೆಯ ಚಿಕ್ಕಿ ಒಟ್ಟಿಗೆ ಇವೆ. ಅವನ್ನು ಗುರುತಿಸಿ ಸಾಲಾಗಿ ಇಟ್ಟರೆ ಕಥೆ ತಿಳಿಯುತ್ತದೆ. ವಿಜ್ಞಾನಿಗಳ ಕೆಲಸ ಇದೇ.

ಅನ್ನಪೂರ್ಣಿಯವರ ಕೆಲಸ

ಅನ್ನಪೂರ್ಣಿ ಸುಬ್ರಮಣಿಯಂ ಕೇರಳದ ಪಾಲಕ್ಕಾಡಿನವರು. 1990ರಲ್ಲಿ ಬೆಂಗಳೂರಿಗೆ ಬಂದರು. ಅಲ್ಲಿಯ ಭಾರತೀಯ ಖಭೌತ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದರು. ಆಕಾಶದ ಅಭ್ಯಾಸ ಮಾಡುವ ಸಂಸ್ಥೆ ಅದು. 1996ರಲ್ಲಿ ಡಾಕ್ಟರ್ ಪದವಿ ಪಡೆದರು.

ಈ ಸಂಸ್ಥೆಯ ಒಂದು ದೊಡ್ಡ ದುರ್ಬೀನು ಲಡಾಖಿನ ಹಾನ್ಲೆಯಲ್ಲಿದೆ. ಅದು ಸುಮಾರು 4,500 ಮೀಟರ್ ಎತ್ತರದ ಜಾಗ. ಅಲ್ಲಿ ಬಲು ಥಂಡಿ. ಆದರೆ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ಅದನ್ನು ನಡೆಸುತ್ತಾರೆ.

ಕೆಲವು ಚಿಕ್ಕಿಗಳು ಒಂದೇ ಹೊಟ್ಟೆಯ ಮಕ್ಕಳಂತೆ ಒಟ್ಟಿಗೆ ಹುಟ್ಟುತ್ತವೆ. ಗುಂಪಾಗಿ ಇರುತ್ತವೆ. ಇಂಥ ಗುಂಪುಗಳನ್ನು ಅನ್ನಪೂರ್ಣಿ ಅಭ್ಯಾಸ ಮಾಡಿದರು. ನಮ್ಮ ಆಕಾಶಗಂಗೆಯ ನೆರೆಯಲ್ಲಿ ಎರಡು ಸಣ್ಣ ಗ್ಯಾಲಕ್ಸಿಗಳಿವೆ. ಅವಕ್ಕೆ ಮೆಗಲಾನ್ ಮೋಡಗಳು ಎಂದು ಹೆಸರು. ಅವುಗಳ ಆಕಾರ ಹೇಗಿದೆ, ಅಲ್ಲಿ ಚಿಕ್ಕಿಗಳು ಯಾವಾಗ ಹುಟ್ಟಿದವು ಎಂದೂ ಹುಡುಕಿದರು.

ಹಳೆಯ ಗುಂಪುಗಳಲ್ಲಿ ಒಂದು ಒಗಟು ಇತ್ತು. ಎಲ್ಲ ಚಿಕ್ಕಿಗಳೂ ಮುದಿಯಾಗಿರುತ್ತವೆ. ಕೆಲವು ಮಾತ್ರ ನೀಲಿಯಾಗಿ, ಎಳೆಯವರಂತೆ ಹೊಳೆಯುತ್ತವೆ. ಒಂದೇ ವಯಸ್ಸಿನ ಅಕ್ಕತಂಗಿಯರಲ್ಲಿ ಒಬ್ಬಳೇ ಹರೆಯದವಳಾಗಿ ಉಳಿದಂತೆ! ಇದು ಹೇಗೆ?

28 ಸೆಪ್ಟೆಂಬರ್ 2015ರಂದು ನಮ್ಮ ದೇಶ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹ ಹಾರಿಸಿತು. ಅದರಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹಿಡಿಯುವ ದುರ್ಬೀನು ಇದೆ. ತುಂಬ ಬಿಸಿಯಾದ ಚಿಕ್ಕಿಗಳು ಆ ಬೆಳಕು ಕೊಡುತ್ತವೆ. ಅನ್ನಪೂರ್ಣಿ ಮತ್ತು ಜೊತೆಗಾರರು ಅದರಿಂದ ಸುಮಾರು 700 ಕೋಟಿ ವರ್ಷ ಹಳೆಯ ಒಂದು ಗುಂಪನ್ನು ನೋಡಿದರು. ಅಲ್ಲಿಯ ಒಂದು ನೀಲಿ ಚಿಕ್ಕಿಯ ಮಗ್ಗುಲಲ್ಲಿ ಇನ್ನೊಂದು ಬಿಸಿ ಚಿಕ್ಕಿ ಸಿಕ್ಕಿತು. ನೀಲಿ ಚಿಕ್ಕಿ ತನ್ನ ಜೋಡಿಯಿಂದ ಅನಿಲ ಎಳೆದುಕೊಂಡು ಹರೆಯ ಪಡೆದಿತ್ತು. ಇದನ್ನು 2016ರಲ್ಲಿ ಲೋಕಕ್ಕೆ ತಿಳಿಸಿದರು.

ವಿದ್ಯಾರ್ಥಿಯಾಗಿ ಸೇರಿದ ಸಂಸ್ಥೆಗೇ ಅವರು 2019ರಲ್ಲಿ ನಿರ್ದೇಶಕರಾದರು. 2024ರಲ್ಲಿ ರಾಷ್ಟ್ರಪತಿಯವರ ಕೈಯಿಂದ ವಿಜ್ಞಾನ ಶ್ರೀ ಪ್ರಶಸ್ತಿ ಪಡೆದರು.

ಇದರಿಂದ ನಮಗೇನು?

“ಚಿಕ್ಕಿ ವಯಸ್ಸು ತಿಳಿದು ನಮಗೇನು ಬಂತ್ರೀ? ಹೊಲದಾಗ ಕಳೆ ತೆಗೆಯೋದು ತಪ್ಪತೈತೇನು?” ಎಂದು ನೀವು ಕೇಳಬಹುದು. ತಪ್ಪೋದಿಲ್ಲ, ಖರೆ.

ಆದರೆ ಒಂದು ಮಾತು ಕೇಳಿರಿ. ಬಸುರಿ ಹೆಂಗಸರಿಗೆ ದವಾಖಾನೆಯಲ್ಲಿ ಕಬ್ಬಿಣದ ಗುಳಿಗೆ ಕೊಡುತ್ತಾರೆ. ರಕ್ತಕ್ಕೆ ಕಬ್ಬಿಣ ಬೇಕು. ನಮ್ಮ ಕುಡುಗೋಲಿಗೂ ಕಬ್ಬಿಣ ಬೇಕು. ಆ ಕಬ್ಬಿಣ ಹುಟ್ಟಿದ್ದು ಹಳೆಯ ಚಿಕ್ಕಿಗಳಲ್ಲಿ. ಅವು ಸಿಡಿದಾಗ ಅದು ಹೊರಗೆ ಬಂತು. ಅದೇ ಮಣ್ಣಿನಲ್ಲಿ ಸೇರಿತು, ನಮ್ಮ ಮೈಯಲ್ಲೂ ಸೇರಿತು. ಗ್ಯಾಲಕ್ಸಿಯ ಕಥೆ ಅಂದರೆ ನಮ್ಮದೇ ಕಥೆ.

ಇನ್ನೊಂದು ಮಾತು. ಹತ್ತನೇ ಇಯತ್ತೆ ಮುಗಿದ ಕೂಡಲೇ ಎಷ್ಟೋ ಮನೆಗಳಲ್ಲಿ ಹುಡುಗಿಯ ಓದು ನಿಲ್ಲುತ್ತದೆ. “ಹುಡುಗಿಗೆ ಸೈನ್ಸ್ ಯಾಕ? ಗಣಿತ ಆಕಿಗೆ ತಿಳಿಯೂದಿಲ್ಲ” ಅನ್ನುತ್ತಾರೆ. ಚಿಕ್ಕಿಯ ವಯಸ್ಸು ಲೆಕ್ಕ ಹಾಕಿದ್ದು ಒಬ್ಬ ಹೆಣ್ಣುಮಗಳೇ ಅಲ್ಲವೆ? ಬಸ್ಸು, ಫೀ, ಹಾಸ್ಟೆಲ್ ಇವೆಲ್ಲ ತೊಂದರೆ ಇವೆ. ಅವನ್ನು ಮಾಸ್ತರರ ಹತ್ತಿರ, ಅಕ್ಕೋರ ಹತ್ತಿರ ಕೇಳಿ ತಿಳಿಯಬೇಕು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವೂ ಇದೆ. ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ.

ಕಾಲೇಜಿನ ಫಾರಂ ಮನೆಗೆ ಬಂದಾಗ ನೀವೇ ಓದಿರಿ. ಕೆಳಗೆ ಹೆಬ್ಬೆಟ್ಟು ಬೇಡ. ನಿಮ್ಮ ಸಹಿ ಹಾಕಿರಿ.

ಹೇಳಿರಿ ನೋಡೋಣ

1. ಗ್ಯಾಲಕ್ಸಿ ಎಂದರೇನು?
2. ನೀಲಿ ಚಿಕ್ಕಿಗೆ ಹರೆಯ ಹೇಗೆ ಬಂತು?
3. ನಮ್ಮ ರಕ್ತದ ಕಬ್ಬಿಣ ಎಲ್ಲಿ ಹುಟ್ಟಿತು?
4. ನಿಮ್ಮ ಓಣಿಯಲ್ಲಿ ಹತ್ತನೇ ಇಯತ್ತೆಗೆ ಓದು ಬಿಟ್ಟ ಹುಡುಗಿಯರು ಎಷ್ಟು ಮಂದಿ? ಕಾರಣ ಏನು? ಗುಂಪಿನಲ್ಲಿ ಮಾತಾಡಿರಿ.