ರಕ್ತಸಾಕ್ಷಿಗಳ ಚಿತ್ರಗಳನ್ನು ಓದುವ ಬಗೆ

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 7:54–60, ಪ್ರಕಟನೆ 7:9–17.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಾದ ನಮಗೆ ವೀರಗಲ್ಲು ಹೊಸದಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಆತನು ದೇವಸನ್ನಿಧಿಯಲ್ಲಿರುವದು. ಇದೇ ಅದರ ಸಾಮಾನ್ಯ ಕ್ರಮ. ಅಕ್ಷರವನ್ನರಿಯದವನೂ ಅದನ್ನು ಓದಬಲ್ಲನು. ಇಟಲಿ ದೇಶದಲ್ಲಿ 15, 16ನೆಯ ಶತಮಾನಗಳ ಚಿತ್ರಕಾರರು ಬರೆದ ರಕ್ತಸಾಕ್ಷಿಗಳ ಚಿತ್ರಗಳಿಗೂ ಇಂಥ ಗುರುತಿನ ಭಾಷೆಯುಂಟು.

ಕಾರ್ಲೊ ಕ್ರಿವೆಲ್ಲಿಯು 1476ರಲ್ಲಿ ಬರೆದ ಸ್ತೆಫನನ ಚಿತ್ರವು ಈಗ ಲಂಡನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಲ್ಲೆಸೆಯುವ ಜನರು ಅದರಲ್ಲಿಲ್ಲ. ತಲೆಯ ಮೇಲೂ ಭುಜಗಳ ಮೇಲೂ ಕಲ್ಲುಗಳು ಮಾತ್ರ ಕುಳಿತಿವೆ. ಕೈಗಳಲ್ಲಿ ಪುಸ್ತಕವೂ ಖರ್ಜೂರದ ಗರಿಯೂ ಇವೆ. ಕಲ್ಲು ಆತನ ಮರಣವನ್ನೂ, ಪುಸ್ತಕವು ಸಾರಿದ ವಾಕ್ಯವನ್ನೂ, ಗರಿಯು ಜಯವನ್ನೂ ಸೂಚಿಸುತ್ತವೆ. ರೋಮಿನವರು ಗೆದ್ದವನಿಗೆ ಗರಿಯನ್ನು ಕೊಡುತ್ತಿದ್ದರು; ಸಭೆಯಾದರೋ ಸೋತವನಂತೆ ಕಂಡವನ ಕೈಗೆ ಅದನ್ನಿತ್ತಿತು.

ಸುಮಾರು 1507ರಲ್ಲಿ ರಫಾಯೇಲನು ಅಲೆಕ್ಸಾಂದ್ರಿಯದ ಕತರೀನಳನ್ನು ಬರೆದನು. ಆಕೆಯನ್ನು ಕೊಲ್ಲುವದಕ್ಕೆ ತಂದ ಚಕ್ರವು ಮುರಿಯಿತೆಂದೂ ಬಳಿಕ ಶಿರಚ್ಛೇದವಾಯಿತೆಂದೂ ಐತಿಹ್ಯ. ಚಿತ್ರದಲ್ಲಿ ಆಕೆಯು ಆ ಚಕ್ರಕ್ಕೇ ಒರಗಿ ಪರಲೋಕದ ಕಡೆಗೆ ಕಣ್ಣೆತ್ತಿದ್ದಾಳೆ. ಹೆದರಿಸತಕ್ಕದ್ದೇ ಊರೆಗೋಲಾಗಿದೆ! ಆದರೂ ಭೇದವನ್ನು ತಿಳಿಯಬೇಕು: ಸ್ತೆಫನನ ವೃತ್ತಾಂತವು ವೇದದಲ್ಲಿದೆ, ಕತರೀನಳದು ಅದರಲ್ಲಿಲ್ಲ, ಚರಿತ್ರಕಾರರೂ ಅದನ್ನು ಸಂಶಯಿಸುತ್ತಾರೆ.

ಮಂತೇನ್ಯನು ಸುಮಾರು 1480ರಲ್ಲಿ ಬರೆದ ಸೆಬಾಸ್ತಿಯನನು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದ್ದಾನೆ. ಮೈತುಂಬ ಬಾಣಗಳು, ಹಿಂದೆ ಪಾಳುಬಿದ್ದ ರೋಮನ್ ಕಂಬ, ನೆಲದ ಮೇಲೆ ಒಡೆದ ಶಿಲಾಮೂರ್ತಿಯ ಪಾದ. ಹಳೆಯ ವಿಗ್ರಹಗಳು ಬಿದ್ದವು, ಸಾಕ್ಷಿಯು ನಿಂತನು ಎಂಬದು ಇದರ ಭಾವ. ಆದರೆ ಬಾಣವು ಆ ಕಾಲದವರಿಗೆ ಪ್ಲೇಗಿನ ಗುರುತು. ಬಾಣಗಳಿಂದ ಸಾಯದೆ ಉಳಿದನೆಂದು ಜನರು ಆತನನ್ನೇ ಮೊರೆಹೊಕ್ಕರು. 1898ರ ಪ್ಲೇಗಿನ ಭಯದಿಂದ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳೆದ್ದದ್ದನ್ನು ಬಲ್ಲ ನಾವು ಅವರನ್ನು ನೋಡಿ ನಗಲಾರೆವು. ಮಕ್ಕಳು ಸಾಯುತ್ತಿರುವಾಗ ಮನುಷ್ಯನು ಕಣ್ಣಿಗೆ ಕಾಣುವ ಆಸರೆಯನ್ನು ಹುಡುಕುತ್ತಾನೆ. ಆದರೆ ದಾರಿ ತೋರಿಸುವ ಕೈಮರವನ್ನೇ ಊರೆಂದು ತಿಳಿದು ಅಲ್ಲಿಯೇ ಕುಳಿತವನು ಊರನ್ನು ಸೇರಲಾರನು.

ಸಮುದ್ರ ದಾಟಲಾರದವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿಯು ಸುಮಾರು 1900ರಲ್ಲಿ ಬರೆದ ಸಂತರ ಚಿತ್ರಗಳನ್ನು ನೋಡಬಹುದು. ಪ್ರತಿಯೊಂದರ ಮುಂದೆಯೂ ಕೈಯಲ್ಲೇನಿದೆ, ಕಣ್ಣು ಎಲ್ಲಿದೆ ಎಂದು ಕೇಳಿರಿ.

ಗ್ರೀಕಿನಲ್ಲಿ ರಕ್ತಸಾಕ್ಷಿ ಎಂಬದರ ಮೂಲಪದಕ್ಕೆ ಬರೇ ಸಾಕ್ಷಿ ಎಂದೇ ಅರ್ಥ. ಸಾಕ್ಷಿಯು ತನ್ನನ್ನಲ್ಲ, ತಾನು ಕಂಡದ್ದನ್ನು ತೋರಿಸುತ್ತಾನೆ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು:
1. ಸ್ತೆಫನನು ಸಾಯುವಾಗ ಯಾರನ್ನು ನೋಡಿದನು? ಯಾರಿಗೋಸ್ಕರ ಬೇಡಿಕೊಂಡನು?
2. ನಮ್ಮ ಚಿತ್ರವನ್ನು ಬರೆದರೆ ಕೈಯಲ್ಲಿ ಏನನ್ನು ಇಡಬೇಕಾದೀತು?